ಕ್ರೂಸೋ ಬರಿಗೈಲಿ ಬದುಕಿದ್ದು ಹೇಗೆ? ಬದುಕಲಿಲ್ಲ ಕಣ್ರೀ!

ಪ್ರಶ್ನೆ: ಮೇಷ್ಟ್ರೇ, ರಾಬಿನ್ಸನ್ ಕ್ರೂಸೋ ಕೈಯಲ್ಲಿ ಏನೂ ಇಲ್ಲದೆ, ಒಬ್ಬನೇ, ಆ ದ್ವೀಪದಲ್ಲಿ 28 ವರ್ಷ ಹೇಗೆ ಬದುಕಿದ? ಅದು ನಿಜವಾಗಿ ನಡೆದ ಕಥೆಯಂತೆ, ಹೌದಾ?

ಉತ್ತರ: ಬಂತು ನೋಡಿ ಮತ್ತೆ. ಪರೀಕ್ಷೆ ಹತ್ತಿರ ಬಂದಾಗ ಒಂದು ಸಲ ಬರುತ್ತದೆ. 'ಛಲ ಇದ್ದರೆ ಬರಿಗೈ ಸಾಕು' ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಹಂಚಿದಾಗ ಇನ್ನೊಂದು ಸಲ ಬರುತ್ತದೆ. ಈ ಸಲ ಸ್ವಲ್ಪ ಉದ್ದವಾಗಿಯೇ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ನಿಜ ಕಥೆಯ ವಿಚಾರ ಮೊದಲು ಮುಗಿಸೋಣ. ಅದು ನಿಜವಾಗಿ ನಡೆದದ್ದಲ್ಲ, ಇಂಗ್ಲಿಷ್ ಲೇಖಕ ಡೇನಿಯಲ್ ಡೆಫೋ ಬರೆದ ಕಾದಂಬರಿ. 1719ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆಗ ಡೆಫೋಗೆ ಅರವತ್ತರ ಹತ್ತಿರ ವಯಸ್ಸು. ಪುಸ್ತಕದ ಮೇಲೆ ತನ್ನ ಹೆಸರು ಹಾಕದೆ 'ಸ್ವತಃ ಕ್ರೂಸೋನೇ ಬರೆದದ್ದು' ಅಂತ ಹಾಕಿಸಿದ. ಗೊಂದಲ ಅಲ್ಲಿಂದಲೇ ಶುರು.

'ಹಾಗಾದರೆ ಸೆಲ್ಕಿರ್ಕ್?' ಅಂತ ಕೇಳುವವರು ಇದ್ದೇ ಇರುತ್ತಾರೆ. ಅಲೆಕ್ಸಾಂಡರ್ ಸೆಲ್ಕಿರ್ಕ್ ನಿಜವಾದ ಮನುಷ್ಯ, ಸ್ಕಾಟ್ಲೆಂಡಿನ ನಾವಿಕ. 1704ರಲ್ಲಿ ಹಡಗು ತೂತು ಬಿದ್ದಿದೆ ಅಂತ ಕ್ಯಾಪ್ಟನ್ ಜೊತೆ ಜಗಳ ಆಡಿ, ಹಟ ಮಾಡಿ, ಚಿಲಿ ದೇಶದ ಆಚೆಗಿನ ಒಂದು ದ್ವೀಪದಲ್ಲಿ ಇಳಿದುಬಿಟ್ಟ. ದೋಣಿ ಹೊರಟ ಮೇಲೆ ಬುದ್ಧಿ ಬಂತು. ಕರೆದ, ಯಾರೂ ತಿರುಗಿ ಬರಲಿಲ್ಲ. ಅವನು ಅಲ್ಲಿದ್ದದ್ದು ನಾಲ್ಕು ವರ್ಷ ನಾಲ್ಕು ತಿಂಗಳು, 28 ವರ್ಷ ಅಲ್ಲ. ಅವನದು ಪೆಸಿಫಿಕ್ ಸಾಗರ. ಕ್ರೂಸೋನ ದ್ವೀಪ ಇರುವುದು ಅಮೆರಿಕ ಖಂಡದ ಇನ್ನೊಂದು ಪಕ್ಕ, ಒರಿನೋಕೋ ನದಿ ಸಮುದ್ರ ಸೇರುವ ಕಡೆ. ಪುಸ್ತಕದ ಮೊದಲ ಪುಟದಲ್ಲೇ ಹಾಗೆ ಬರೆದಿದೆ. ಸೆಲ್ಕಿರ್ಕ್ ಸುದ್ದಿ ಡೆಫೋ ಕಿವಿಗೂ ಬಿದ್ದಿರಬೇಕು, ಅಷ್ಟೇ. 1966ರಲ್ಲಿ ಚಿಲಿ ಸರ್ಕಾರ ಸೆಲ್ಕಿರ್ಕ್ ಇದ್ದ ದ್ವೀಪಕ್ಕೆ ರಾಬಿನ್ಸನ್ ಕ್ರೂಸೋ ಅಂತ ಹೆಸರಿಟ್ಟು ಗೊಂದಲವನ್ನು ಇನ್ನಷ್ಟು ಗಟ್ಟಿ ಮಾಡಿತು. ಅಂದಹಾಗೆ, ಸೆಲ್ಕಿರ್ಕ್ ಕೂಡ ಬರಿಗೈಲಿ ಇಳಿಯಲಿಲ್ಲ. ಬಂದೂಕು, ಸಿಡಿಮದ್ದು, ಕೊಡಲಿ, ಚಾಕು, ಕೆಟಲ್, ಹಾಸಿಗೆ, ಬೈಬಲ್ ಎಲ್ಲ ಜೊತೆಗಿತ್ತು.

ಈಗ ಬರಿಗೈ ವಿಚಾರಕ್ಕೆ ಬರೋಣ.

ಕ್ರೂಸೋನ ಹಡಗು ಪೂರ್ತಿ ಮುಳುಗಲೇ ಇಲ್ಲ. ಮರಳದಿಬ್ಬಕ್ಕೆ ಸಿಕ್ಕಿಕೊಂಡು, ಬಿರುಗಾಳಿ ನಿಂತ ಮೇಲೆ ದಡಕ್ಕೆ ಹತ್ತಿರವೇ ಬಂದು ನಿಂತಿತ್ತು. ಇದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮಾರನೇ ದಿನವೇ ಅವನು ಈಜಿಕೊಂಡು ಹೋದ. ಹಡಗಿನ ಮರಗಳನ್ನೇ ಕಟ್ಟಿ ತೆಪ್ಪ ಮಾಡಿದ. ಮೊದಲ ಸಲವೇ ಬ್ರೆಡ್ಡು, ಅಕ್ಕಿ, ಮೂರು ಚೀಸ್ ಗಡ್ಡೆ, ಒಣಗಿಸಿದ ಮೇಕೆ ಮಾಂಸ ಹೇರಿಕೊಂಡ. ಆಮೇಲೆ ಬಡಗಿಯ ಪೆಟ್ಟಿಗೆ. ಅದು ಸಿಕ್ಕಿದಾಗ, ಹಡಗು ತುಂಬ ಚಿನ್ನ ಸಿಕ್ಕಿದ್ದರೂ ಇಷ್ಟು ಖುಷಿ ಆಗುತ್ತಿರಲಿಲ್ಲ ಅನ್ನುತ್ತಾನೆ. ನಂತರ ಬಂದೂಕು, ಪಿಸ್ತೂಲು, ಎರಡು ಪೀಪಾಯಿ ಒಣ ಮದ್ದು. ಹದಿಮೂರು ದಿನದಲ್ಲಿ ಹನ್ನೊಂದು ಸಲ ಹೋಗಿಬಂದ. ಮೊಳೆ, ಡಜನ್‌ಗಟ್ಟಲೆ ಕೈಗೊಡಲಿ, ಸಾಣೆಕಲ್ಲು, ಹಾಯಿಬಟ್ಟೆ, ಹಗ್ಗ, ಸಕ್ಕರೆ, ಒಂದು ಪೀಪಾಯಿ ಹಿಟ್ಟು, ಮೂರು ಪೀಪಾಯಿ ರಮ್ಮು. ನಾಯಿ ಒಂದು, ಬೆಕ್ಕು ಎರಡು. ಬಾಡಿಗೆ ಮನೆ ಖಾಲಿ ಮಾಡುವವರೂ ಇಷ್ಟು ಸಾಮಾನು ಸಾಗಿಸುವುದಿಲ್ಲ!

ಹನ್ನೆರಡನೇ ಸಲ ಹೋದಾಗ ಕತ್ತರಿ, ಕ್ಷೌರದ ಕತ್ತಿ, ಊಟದ ಚಾಕು-ಫೋರ್ಕುಗಳ ಜೊತೆ 36 ಪೌಂಡ್ ಹಣ ಸಿಕ್ಕಿತು. ಅದನ್ನು ನೋಡಿ ನಗುತ್ತಾನೆ. ನಿನ್ನಿಂದ ನನಗೇನು ಉಪಯೋಗ, ಒಂದು ಚಾಕುವಿನ ಬೆಲೆಯೂ ನಿನಗಿಲ್ಲ, ಸಮುದ್ರದ ತಳಕ್ಕೆ ಹೋಗು ಅಂತ ಹಣಕ್ಕೇ ಭಾಷಣ ಮಾಡುತ್ತಾನೆ. ಮಾಡಿ ಮುಗಿಸಿ, ಇರಲಿ ಅಂತ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಾನೆ. ಪಾಠ ಮಾಡುವಾಗ ಈ ಜಾಗ ಬಂದರೆ ಇಡೀ ಕ್ಲಾಸು ನಗುತ್ತದೆ. ಅದೇ ರಾತ್ರಿ ಗಾಳಿ ಎದ್ದು, ಬೆಳಗ್ಗೆ ನೋಡಿದರೆ ಹಡಗೇ ಇಲ್ಲ.

'ಆದರೂ ಕಷ್ಟಪಟ್ಟನಲ್ಲ ಸಾರ್?' ಪಟ್ಟ. ನಾನೆಲ್ಲಿ ಇಲ್ಲ ಅಂದೆ? ದೊಡ್ಡ ಮರ ಕಡಿದು, ತಿಂಗಳುಗಟ್ಟಲೆ ಕೆತ್ತಿ ದೋಣಿ ಮಾಡಿದ. ಅದನ್ನು ನೀರಿಗೆ ಎಳೆಯಲು ಆಗದೆ ಅಲ್ಲೇ ಬಿಟ್ಟ. ಮಡಕೆ ಮಾಡಲು ಹೋಗಿ ಎಷ್ಟೋ ಸಲ ಮಣ್ಣುಪಾಲು ಮಾಡಿದ. ಬೆಳೆದ ಕಾಳನ್ನು ಬೀಜಕ್ಕೆ ಉಳಿಸಿ ಉಳಿಸಿ, ಬಾಯಿಗೆ ಹಾಕಿಕೊಂಡದ್ದು ನಾಲ್ಕನೇ ವರ್ಷದಲ್ಲಿ. ಇದೆಲ್ಲ ಸುಳ್ಳಲ್ಲ. ಆದರೆ ಕೊಡಲಿ ಇಟ್ಟುಕೊಂಡು ಕಷ್ಟಪಡುವುದಕ್ಕೂ ಕೊಡಲಿಯೇ ಇಲ್ಲದೆ ಕಷ್ಟಪಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಡೆಫೋಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಅವನು ಸ್ವತಃ ವ್ಯಾಪಾರ ಮಾಡಿದವನು, ದಿವಾಳಿಯೂ ಆದವನು. ಅದಕ್ಕೇ ಸಾಮಾನಿನ ಪಟ್ಟಿಯನ್ನು ಅಷ್ಟು ಉದ್ದ ಕೊಟ್ಟ. ಆ ಹಡಗು ಸಿಗದೇ ಹೋಗಿದ್ದರೆ ಏನಾಗುತ್ತಿತ್ತು ಅಂತ ಕ್ರೂಸೋ ಕೈಯಲ್ಲೇ ಯೋಚನೆ ಮಾಡಿಸುತ್ತಾನೆ. ಆಗ ಮೇಕೆಯನ್ನು ಹಲ್ಲಲ್ಲಿ ಹರಿದು ತಿನ್ನಬೇಕಾಗಿತ್ತು ಅಂತ ಅವನೇ ಒಪ್ಪಿಕೊಳ್ಳುತ್ತಾನೆ. ಕಥಾನಾಯಕನೇ ಒಪ್ಪಿಕೊಂಡ ಮೇಲೂ ನಾವು ಒಪ್ಪುವುದಿಲ್ಲ ಅಂದರೆ ಏನು ಹೇಳಲಿ?

ಇನ್ನು 'ಒಬ್ಬನೇ' ಅನ್ನುವ ಮಾತು. ಅವನು ಆ ಸಮುದ್ರಯಾನಕ್ಕೆ ಹೊರಟದ್ದು ಯಾಕೆ, ನೆನಪಿದೆಯಾ? ಬ್ರೆಜಿಲ್‌ನಲ್ಲಿ ಅವನಿಗೆ ತೋಟ ಇತ್ತು. ಅದಕ್ಕೆ ಆಳು ಬೇಕು ಅಂತ ಆಫ್ರಿಕಾದ ಗಿನಿ ತೀರಕ್ಕೆ ಗುಲಾಮರನ್ನು ತರಲು ಹೊರಟಿದ್ದ. ಅದಕ್ಕೂ ಮುಂಚೆ ಅವನೇ ಮೊರೊಕ್ಕೋದ ಸಲೇ ಬಂದರಿನಲ್ಲಿ ಗುಲಾಮನಾಗಿದ್ದ. ಶೂರಿ ಅನ್ನುವ ಹುಡುಗನ ಜೊತೆ ತಪ್ಪಿಸಿಕೊಂಡು ಬಂದ. ಜೀವ ಉಳಿದ ಮೇಲೆ ಆ ಹುಡುಗನನ್ನೇ 60 ಬೆಳ್ಳಿ ನಾಣ್ಯಕ್ಕೆ ಪೋರ್ಚುಗೀಸ್ ಕ್ಯಾಪ್ಟನ್‌ಗೆ ಕೊಟ್ಟ. ಮುಂದೆ ಪಶ್ಚಾತ್ತಾಪ ಪಡುತ್ತಾನೆ, ನಿಜ. ಮಾರಿದ್ದು ತಪ್ಪು ಅಂತಲ್ಲ, ತೋಟದ ಕೆಲಸಕ್ಕೆ ಕೈ ಸಾಲದು ಅಂತ! ದ್ವೀಪದಲ್ಲಿ ಅವನು 'ಒಬ್ಬನೇ' ಇದ್ದಷ್ಟು ಕಾಲವೂ ಬ್ರೆಜಿಲ್‌ನ ಆ ತೋಟ ನಡೆಯುತ್ತಲೇ ಇತ್ತು. ವಾಪಸ್ ಬಂದಾಗ ಕೈಗೆ ಸಿಕ್ಕಿದ್ದು 5000 ಪೌಂಡ್‌ಗಿಂತ ಜಾಸ್ತಿ ನಗದು, ಮೇಲೆ ವರ್ಷಕ್ಕೆ 1000 ಪೌಂಡ್ ದಾಟುವ ಆದಾಯ. ಯಾರು ದುಡಿದದ್ದು?

ಈ ಬರಿಗೈ ಕಥೆ ಹುಟ್ಟಿದ್ದು ಎಲ್ಲಿ ಅಂತ ನನಗೆ ಅನುಮಾನವೇ ಇಲ್ಲ. ನಾವು ಸ್ಕೂಲಿನಲ್ಲಿ ಓದಿದ ನಾನ್-ಡಿಟೇಲ್ ಪುಸ್ತಕಗಳಿಂದ. ಮುನ್ನೂರು ಪುಟವನ್ನು ಅರವತ್ತಕ್ಕೆ ಇಳಿಸುವಾಗ ಮೊದಲು ಕತ್ತರಿ ಬೀಳುವುದು ಪಟ್ಟಿಗಳಿಗೆ. ಆಮೇಲೆ ಶೂರಿಗೆ. ಆಮೇಲೆ ದೇವರ ಕುರಿತ ಜಿಜ್ಞಾಸೆಗೆ. ಉಳಿಯುವುದು ಮೇಕೆ ಚರ್ಮದ ಟೋಪಿ, ಛತ್ರಿ, ಗಿಳಿ. ಮಕ್ಕಳಿಗೆ ಅಷ್ಟು ಸಾಕು ಅನ್ನಬಹುದು. ಆದರೆ ದೊಡ್ಡವರಾದ ಮೇಲೂ ಅದನ್ನೇ ಹಿಡಿದುಕೊಂಡು ಭಾಷಣ ಬಿಗಿಯುತ್ತೇವಲ್ಲ, ಅದು ಬೇಜಾರು.

ಹೀಗೆ ಕತ್ತರಿಸಿದಾಗ ಹೋಗುವುದು ಕಥೆಯ ಜೀವಾಳ. ಬದುಕಿ ಉಳಿಯುವ ಕಥೆಗಳಲ್ಲಿ ಬೇಟೆ, ಬೆಂಕಿ, ಗುಡಿಸಲು ಇವೆಲ್ಲ ಎಲ್ಲರೂ ಬರೆಯುತ್ತಾರೆ. ಬದುಕುತ್ತಾ ಬದುಕುತ್ತಾ ನೋಡುವ ಕಣ್ಣು ಹೇಗೆ ಬದಲಾಗುತ್ತದೆ ಅನ್ನುವುದನ್ನು ಡೆಫೋ ಬರೆದ ಹಾಗೆ ಬರೆಯುವುದು ಕಷ್ಟ. ಬಾರ್ಲಿಯ ಪ್ರಸಂಗ ನೋಡಿ. ಹಡಗಿನಿಂದ ತಂದ ಒಂದು ಸಣ್ಣ ಚೀಲದಲ್ಲಿ ಕೋಳಿಗೆ ಹಾಕುವ ಕಾಳಿತ್ತು. ಇಲಿ ತಿಂದು ಬರೀ ಹೊಟ್ಟು ಉಳಿದಿತ್ತು. ಚೀಲ ಬೇರೆ ಏನಕ್ಕೋ ಬೇಕಾಗಿ, ಹೊಟ್ಟನ್ನು ಬಂಡೆಯ ಬುಡದಲ್ಲಿ ಕೊಡವಿದ. ಮರೆತೂಬಿಟ್ಟ. ಮಳೆ ಬಂತು. ಒಂದು ತಿಂಗಳ ಮೇಲೆ ಅಲ್ಲಿ ಹಸಿರು ಕಂಡಿತು, ಆಮೇಲೆ ಹತ್ತು-ಹನ್ನೆರಡು ತೆನೆ. ಅದೂ ಇಂಗ್ಲೆಂಡಿನ ಬಾರ್ಲಿ! ದೇವರು ನನಗೋಸ್ಕರ ಪವಾಡ ಮಾಡಿದ ಅಂತ ಕಣ್ಣೀರು ಹಾಕಿದ. ಸ್ವಲ್ಪ ಹೊತ್ತಾದ ಮೇಲೆ ಚೀಲ ಕೊಡವಿದ್ದು ನೆನಪಾಯಿತು. ಭಕ್ತಿ ಅಲ್ಲಿಗೇ ತಣ್ಣಗಾಯಿತು. ಇದನ್ನು ಅವನು ನಾಚಿಕೆ ಇಲ್ಲದೆ ಬರೆಯುತ್ತಾನೆ. ಆಮೇಲೆ ಮತ್ತೆ ಯೋಚಿಸುತ್ತಾನೆ. ಇಲಿ ಅಷ್ಟೂ ತಿಂದು ಹತ್ತು-ಹನ್ನೆರಡು ಕಾಳು ಬಿಟ್ಟದ್ದು, ನಾನು ಅದನ್ನು ನೆರಳಿರುವ ಜಾಗದಲ್ಲೇ ಕೊಡವಿದ್ದು, ಇದೂ ಪವಾಡವೇ ಅಲ್ಲವೇ? ತೆನೆ ಅವೇ. ನೋಟ ಮಾತ್ರ ಮೂರು ಸಲ ಬದಲಾಯಿತು.

ಕಷ್ಟ-ಸುಖದ ಲೆಕ್ಕವನ್ನೂ ಅವನು ಅಂಗಡಿಯ ಜಮಾ-ಖರ್ಚಿನ ಥರ ಎರಡು ಕಾಲಂ ಮಾಡಿ ಬರೆದ. ಈ ಕಡೆ 'ಹಾಳು ದ್ವೀಪಕ್ಕೆ ಬಂದು ಬಿದ್ದೆ'. ಆ ಕಡೆ 'ಆದರೆ ಜೊತೆಗಿದ್ದವರೆಲ್ಲ ಸತ್ತರು, ನಾನು ಬದುಕಿದ್ದೇನೆ'. (ಲೆಕ್ಕದಲ್ಲಿ ಡೆಫೋ ಅಷ್ಟು ಗಟ್ಟಿ ಅಲ್ಲ. 1659ರ ಸೆಪ್ಟೆಂಬರ್ 30ಕ್ಕೆ ದಡ ಸೇರಿ 1686ರ ಡಿಸೆಂಬರ್ 19ಕ್ಕೆ ಹೊರಟವನಿಗೆ 28 ವರ್ಷ ಹೇಗಾಗುತ್ತದೆ? ನೀವೇ ಕಳೆದು ನೋಡಿ.)

ಇನ್ನು ಆ ಹೆಜ್ಜೆಗುರುತು. 15 ವರ್ಷ ಮನುಷ್ಯರ ಮುಖ ನೋಡದೆ ಹಂಬಲಿಸಿದವನು, ಒಂದು ಮಧ್ಯಾಹ್ನ ಮರಳಿನಲ್ಲಿ ಬರಿಗಾಲಿನ ಒಂದೇ ಒಂದು ಗುರುತು ನೋಡುತ್ತಾನೆ. ಕುಣಿಯಬೇಕಿತ್ತಲ್ಲ? ಓಡಿಹೋಗಿ ಗುಹೆ ಸೇರುತ್ತಾನೆ, ರಾತ್ರಿ ನಿದ್ದೆ ಇಲ್ಲ. ಸೈತಾನನ ಕಾಲಿರಬಹುದು ಅಂದುಕೊಂಡ. ತನ್ನದೇ ಇರಬಹುದು ಅಂತ ಹೋಗಿ ಅಳತೆ ನೋಡಿದ. ಅವನ ಕಾಲು ಅಷ್ಟು ದೊಡ್ಡದಲ್ಲ. ಬೇಲಿ ಕಿತ್ತು ಮೇಕೆಗಳನ್ನು ಕಾಡಿಗೆ ಬಿಟ್ಟುಬಿಡಲಾ, ಹೊಲ ಅಗೆದು ಹಾಕಲಾ ಅಂತ ಯೋಚಿಸಿದ. ಇಷ್ಟು ವರ್ಷ ಕಟ್ಟಿದ್ದನ್ನೆಲ್ಲ ತಾನೇ ಅಳಿಸಲು ಹೊರಟ! ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನರಭಕ್ಷಕರ ಕೈಯಿಂದ ಕ್ರೂಸೋ ಕಾಪಾಡಿ ಆಳಾಗಿ ಇಟ್ಟುಕೊಂಡ ಆದಿವಾಸಿ ಯುವಕ ಫ್ರೈಡೇ, ಅವನಿಗೆ ಏನನ್ನಿಸುತ್ತಿತ್ತು? ಕ್ರೂಸೋ ಅವನ ಹೆಸರು ಕೇಳಲೇ ಇಲ್ಲ. ಕಾಪಾಡಿದ ವಾರದ ಹೆಸರನ್ನೇ ಇಟ್ಟ. ತನ್ನನ್ನು 'ಮಾಸ್ಟರ್' ಅನ್ನಬೇಕು ಅಂತ ಕಲಿಸಿದ. ಹಾಗಂತ ಫ್ರೈಡೇ ಪೆದ್ದನಲ್ಲ. ಕ್ರೂಸೋ ಅವನಿಗೆ ಸೈತಾನನ ಪಾಠ ಮಾಡುವಾಗ ಅವನು ಕೇಳುತ್ತಾನೆ: ದೇವರಿಗೆ ಸೈತಾನನಿಗಿಂತ ಶಕ್ತಿ ಜಾಸ್ತಿ ಇದ್ದರೆ, ಅವನನ್ನು ಕೊಂದು ಯಾಕೆ ಮುಗಿಸಬಾರದು? ಕ್ರೂಸೋಗೆ ಉತ್ತರ ಹೊಳೆಯಲಿಲ್ಲ. ಕೇಳಿಸಲಿಲ್ಲ ಅನ್ನುವ ಹಾಗೆ ನಟಿಸಿ, ಏನಂದೆ ಅಂತ ಕೇಳಿದ. ಫ್ರೈಡೇ ಬಿಡಲಿಲ್ಲ, ಮತ್ತೆ ಕೇಳಿದ. ಕೊನೆಗೆ ಕ್ರೂಸೋ ಅವಸರದ ಕೆಲಸ ಇರುವ ಹಾಗೆ ಎದ್ದು, ಏನೋ ತರಲು ಅವನನ್ನು ದೂರ ಕಳಿಸಿಬಿಟ್ಟ. ಮೇಷ್ಟ್ರುಗಳಿಗೆ ಈ ಉಪಾಯ ಹೊಸದೇನಲ್ಲ.

ಕಥೆಗೆ ಎರಡನೇ ಭಾಗವೂ ಇದೆ, ಅದೇ 1719ರಲ್ಲಿ ಬಂತು. ಅದರಲ್ಲಿ ಬ್ರೆಜಿಲ್ ಕಡೆ ಸಮುದ್ರದಲ್ಲಿ ಫ್ರೈಡೇ ಬಾಣ ತಗುಲಿ ಸಾಯುತ್ತಾನೆ. ಡೆಕ್ ಮೇಲೆ ಹೋಗಿ, ದೋಣಿಗಳಲ್ಲಿ ಬಂದ ಆದಿವಾಸಿಗಳ ಜೊತೆ ಮಾತಾಡು ಅಂತ ಕಳಿಸಿದ್ದು ಕ್ರೂಸೋನೇ.

ಮುಂದಿನ ಲೇಖಕರಿಗೆ ಇದು ಕಾಡಿದೆ. ಫ್ರೆಂಚ್ ಲೇಖಕ ಮಿಶೆಲ್ ತೂರ್ನಿಯೇ 1967ರಲ್ಲಿ ಅದೇ ದ್ವೀಪದ ಕಥೆಯನ್ನು ತಿರುಗಿಸಿ ಬರೆದ. ಅಲ್ಲಿ ಫ್ರೈಡೇ ಕದ್ದು ಪೈಪ್ ಸೇದಿ ಮದ್ದಿನ ಪೀಪಾಯಿಗಳೆಲ್ಲ ಸಿಡಿಯುತ್ತವೆ. ಕ್ರೂಸೋ ಕೂಡಿಟ್ಟದ್ದೆಲ್ಲ ಹೋಗುತ್ತದೆ. ಆಮೇಲೆ ಕಲಿಸುವವನು ಫ್ರೈಡೇ, ಕಲಿಯುವವನು ಕ್ರೂಸೋ. ಕೊನೆಗೆ ಹಡಗು ಬಂದಾಗ ಫ್ರೈಡೇ ಹೊರಟುಹೋಗುತ್ತಾನೆ, ಕ್ರೂಸೋ ದ್ವೀಪದಲ್ಲೇ ಉಳಿಯುತ್ತಾನೆ. ದಕ್ಷಿಣ ಆಫ್ರಿಕಾದ ಕೂಟ್ಸಿ 1986ರಲ್ಲಿ ಬರೆದ 'ಫೋ' ಕಾದಂಬರಿಯಲ್ಲಿ ಫ್ರೈಡೇಗೆ ನಾಲಿಗೆಯೇ ಇಲ್ಲ. ಅವನ ಕಥೆಯನ್ನು ಬೇರೆ ಯಾರೋ ಹೇಳಲು ಒದ್ದಾಡುತ್ತಾರೆ, ಆಗುವುದಿಲ್ಲ.

ಎರಡರಲ್ಲಿ ತೂರ್ನಿಯೇ ಮೊದಲು ಓದಿ. ಕೂಟ್ಸಿಯ ಪುಸ್ತಕ ತೆಳ್ಳಗಿದೆ, ಆದರೆ ಬೇಗ ಸಾಗುವುದಿಲ್ಲ. ಇಬ್ಬರಿಗೂ ಮುಂಚೆ ಡೆಫೋನ ಮೂಲ ಓದಿರಬೇಕು. ಮೂಲ ಅಂದರೆ ಅರವತ್ತು ಪುಟದ್ದಲ್ಲ.