ಎಣ್ಣೆ ಸಿಗದ ಒಂದು ಸೆಕೆಂಡ್

ಕೆಟ್ಟು ನಿಂತ ಎಂಜಿನ್ ನನ್ನ ಮೇಜಿಗೆ ಬಂದಾಗ ಪಿಸ್ಟನ್ನುಗಳ ಕಡೆಗೆ ನನ್ನ ಕಣ್ಣು ಹೋಗುವುದು ಕೊನೆಗೆ. ಮೊದಲು ತಳದ ಎಣ್ಣೆ ತೊಟ್ಟಿಯನ್ನು ಬಿಚ್ಚಿ, ಎಣ್ಣೆ ಹೀರುವ ಕೊಳವೆಯ ಬಾಯಿಗಿರುವ ಜಾಲರಿಯ ಮೇಲೆ ಟಾರ್ಚ್ ಹಿಡಿಯುತ್ತೇನೆ. ಎಂಜಿನ್ ಯಾಕೆ ಸತ್ತಿತು ಎಂದು ಹುಡುಕುವುದೇ ಕ್ಯಾಲಿಫೋರ್ನಿಯಾದಲ್ಲಿ ನನ್ನ ಕಸುಬು. ಇತ್ತೀಚೆಗೆ ನನ್ನನ್ನು ಹುಡುಕಿಕೊಂಡು ಬರುವವರಲ್ಲಿ ಕನ್ನಡದ ಹುಡುಗರೂ ಇದ್ದಾರೆ. ವಾರವಿಡೀ ಕಂಪ್ಯೂಟರಿನ ಮುಂದೆ ಕುಳಿತು, ತಿಂಗಳಿಗೊಂದು ಶನಿವಾರ ಥಂಡರ್‌ಹಿಲ್, ವಿಲೋ ಸ್ಪ್ರಿಂಗ್ಸ್‌ನಂಥ ರೇಸ್ ಟ್ರ್ಯಾಕ್‌ಗೆ ಕಾರು ಒಯ್ಯುವವರು. ಎಲ್ಲರ ಪ್ರಶ್ನೆಯೂ ಒಂದೇ: ಟ್ರ್ಯಾಕ್‌ನಲ್ಲಿ ಓಡಿಸಿದರೆ ವಾರಂಟಿ ಹೋಗುತ್ತದೆಯೇ?

ಉತ್ತರವನ್ನು ಎಣ್ಣೆಯಿಂದಲೇ ಆರಂಭಿಸಬೇಕು. ಪಿಸ್ಟನ್ನುಗಳ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್‌ಶಾಫ್ಟ್ ತನ್ನನ್ನು ಹಿಡಿದಿರುವ ಲೋಹದ ಬೇರಿಂಗ್ ಚಿಪ್ಪಿಗೆ ತಾಗಿಕೊಂಡು ತಿರುಗುವುದಿಲ್ಲ; ನಡುವಿನ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಭಾರ ಬಿದ್ದಲ್ಲಿ ಆ ಪದರದ ದಪ್ಪ ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಅದು ಎಷ್ಟು ತೆಳುವೆಂದು ಊಹಿಸಿಕೊಳ್ಳಿ. ನಿಮಿಷಕ್ಕೆ 7,000 ಸುತ್ತಿನ ವೇಗದಲ್ಲಿ ಶಾಫ್ಟ್ ಪ್ರತಿ ಸೆಕೆಂಡಿಗೆ 116ಕ್ಕೂ ಹೆಚ್ಚು ಬಾರಿ ತಿರುಗುತ್ತದೆ. ತೊಟ್ಟಿಯಿಂದ ಎಣ್ಣೆ ಎತ್ತುವ ಪಂಪು ಒಂದೇ ಒಂದು ಸೆಕೆಂಡ್ ಎಣ್ಣೆಯ ಬದಲು ಗಾಳಿ ಹೀರಿದರೂ ಆ ಪದರ ಕಡಿದುಹೋಗುವುದಕ್ಕೆ ಸಾಕು. ಒಂದು ಸಲಕ್ಕೆ ಏನೂ ಆಗದಿರಬಹುದು. ಇಪ್ಪತ್ತು ನಿಮಿಷದ ಅವಧಿಯಲ್ಲಿ ಪ್ರತಿ ಸುತ್ತಿನಲ್ಲೂ ಅದೇ ತಿರುವಿನಲ್ಲಿ ಹೀಗಾದರೆ ಚಿಪ್ಪು ಸವೆಯುತ್ತದೆ, ಬಿಸಿಯಾಗುತ್ತದೆ, ಒಂದು ದಿನ ಶಾಫ್ಟಿಗೆ ಅಂಟಿಕೊಂಡು ತಿರುಗಿಬಿಡುತ್ತದೆ. ಹೊರಗೆ ಕೇಳುವ ಟಕಟಕ ಸದ್ದು ಈ ಕಥೆಯ ಕೊನೆಯ ಪುಟ.

ಪಂಪು ಗಾಳಿ ಹೀರುವುದೇಕೆ? ಆಗುಂಬೆ ಘಾಟಿಯಲ್ಲಿ ಬಸ್ಸು ತಿರುಗುವಾಗ ತೊಡೆಯ ಮೇಲಿನ ಪಾತ್ರೆಯ ಸಾರು ಒಂದು ಬದಿಗೆ ಏರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿರುವಿನ ಬಲ ಗುರುತ್ವಾಕರ್ಷಣೆಯಷ್ಟೇ ಆದಾಗ, ಅಂದರೆ ಒಂದು ಜಿ ಮುಟ್ಟಿದಾಗ, ದ್ರವದ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಊರಿನ ರಸ್ತೆಯಲ್ಲಿ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ. ಟ್ರ್ಯಾಕ್‌ನಲ್ಲಿ ಒಳ್ಳೆಯ ಟೈರ್ ಹಾಕಿದ ಸಾಧಾರಣ ಕಾರೂ ಹೋಗುತ್ತದೆ, ಹೋಗಿ ಹಲವು ಸೆಕೆಂಡ್ ಅಲ್ಲೇ ನಿಲ್ಲುತ್ತದೆ. ಹೆಚ್ಚಿನವರು ಗಮನಿಸದ ಸಂಗತಿ ಇದು: ಎಂಜಿನ್ನಿಗೆ ಕೈಯನ್ನೇ ಹಚ್ಚದೆ ಬರೀ ಅಂಟು ಟೈರ್ ಹಾಕಿಸಿದರೂ ಎಂಜಿನ್ನಿನ ಆಯುಷ್ಯಕ್ಕೆ ಕೈ ಹಾಕಿದಂತೆಯೇ. ನೆಲವನ್ನು ಎಷ್ಟು ಗಟ್ಟಿಯಾಗಿ ಹಿಡಿದರೆ ಎಣ್ಣೆ ಅಷ್ಟು ಬದಿಗೆ ಓಡುತ್ತದೆ.

ಕಡಿಮೆ ಬೆಲೆಯ ಸ್ಪೋರ್ಟ್ಸ್ ಕಾರುಗಳ ಪೈಕಿ ಈ ಚರ್ಚೆ ಹೆಚ್ಚು ಕಾವೇರಿದ್ದು ಟೊಯೊಟಾ ಜಿಆರ್86 ಮತ್ತು ಅದರ ಅವಳಿಯಾದ ಸುಬಾರು ಬಿಆರ್‌ಝಡ್ ಸುತ್ತ. 2022ರ ಮಾದರಿಯಾಗಿ ಅಮೆರಿಕಕ್ಕೆ ಬಂದ ಇವುಗಳಲ್ಲಿರುವುದು ಸುಬಾರು ತಯಾರಿಸಿದ 2.4 ಲೀಟರಿನ ಎಂಜಿನ್. 228 ಅಶ್ವಶಕ್ತಿ, 7,500 ಸುತ್ತಿನ ಮಿತಿ. ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎಡಕ್ಕೂ ಬಲಕ್ಕೂ ಮಲಗಿವೆ. ಭಾರ ನೆಲಕ್ಕೆ ಹತ್ತಿರವಿರುವುದರಿಂದ ಕಾರು ತಿರುವಿನಲ್ಲಿ ಸೊಗಸಾಗಿ ಬಾಗುತ್ತದೆ. ಅದನ್ನು ಓಡಿಸಿದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಉದ್ದನೆಯ ಬಲ ತಿರುವಿನಲ್ಲಿ ಎಣ್ಣೆ ಎಡಕ್ಕೆ ನುಗ್ಗಿ, ಮಲಗಿದ ಸಿಲಿಂಡರುಗಳ ತುದಿಯ ಭಾಗವಾದ ಸಿಲಿಂಡರ್ ಹೆಡ್‌ನಲ್ಲಿ ನಿಂತುಬಿಡುತ್ತದೆ, ತಿರುವು ಮುಗಿಯುವವರೆಗೆ ತೊಟ್ಟಿಗೆ ಇಳಿಯುವುದಿಲ್ಲ. ಒತ್ತಡಮಾಪಕ ಜೋಡಿಸಿಕೊಂಡು ಓಡಿಸಿದ ಮಾಲೀಕರು ಬಲ ತಿರುವುಗಳಲ್ಲಿ ಎಣ್ಣೆಯ ಒತ್ತಡ ಕುಸಿಯುವುದನ್ನು ದಾಖಲಿಸಿದ್ದಾರೆ. ವಿಲೋ ಸ್ಪ್ರಿಂಗ್ಸ್‌ನ ಎರಡನೆಯ ಮತ್ತು ಎಂಟನೆಯ ತಿರುವುಗಳೆರಡೂ ಅಂಥವೇ. ಕಾರಿನ ಪರದೆ ಎಣ್ಣೆಯ ತಾಪವನ್ನು ತೋರಿಸುತ್ತದೆ, ಒತ್ತಡವನ್ನು ತೋರಿಸುವುದಿಲ್ಲ. ಟ್ರ್ಯಾಕ್‌ಗೆಂದೇ ಕೊಂಡವನಿಗೆ ನಿಜವಾಗಿ ಬೇಕಾದ ಮಾಪಕ ಅದೊಂದೇ ಆಗಿತ್ತು.

ಇನ್ನೊಂದು ದೂರು ಸೀಲಂಟಿನದು. ಎಂಜಿನ್ನಿನ ಮುಚ್ಚಳಗಳನ್ನೂ ತೊಟ್ಟಿಯನ್ನೂ ಕೂಡಿಸುವಾಗ ಬಳಿಯುವ ಸಿಲಿಕೋನ್ ಅಂಟು ಹೆಚ್ಚಾದರೆ ಒಳಕ್ಕೂ ಉಬ್ಬುತ್ತದೆ, ಎಣ್ಣೆಯಲ್ಲಿ ನೆನೆದು ಎಳೆಯಾಗಿ ಕಳಚುತ್ತದೆ, ತೇಲಿ ಹೋಗಿ ಹೀರುಗೊಳವೆಯ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ತೊಟ್ಟಿ ಬಿಚ್ಚಿದ ಅನೇಕ ಮಾಲೀಕರಿಗೆ ಈ ಎಳೆಗಳು ಕಂಡಿವೆ. ನಾಲ್ಕಾರು ಎಳೆ ಸಿಕ್ಕಿದ ಮಾತ್ರಕ್ಕೆ ಎಂಜಿನ್ ಸಾಯುತ್ತದೆ ಎಂದು ನಾನು ಒಪ್ಪುವುದಿಲ್ಲ. ಜಾಲರಿಯ ಹರವು ದೊಡ್ಡದು. ಅದೇ ಎಳೆಗಳು, ಕುದಿಯುವ ತೆಳು ಎಣ್ಣೆ ಮತ್ತು ಉದ್ದನೆಯ ಬಲ ತಿರುವು ಒಂದೇ ಗಳಿಗೆಯಲ್ಲಿ ಕೂಡಿದರೆ ನನ್ನ ಮಾತು ಬೇರೆ. ಈ ಕಾರುಗಳ ಹಿಂದಿನ ತಲೆಮಾರಿನಲ್ಲೂ ಸೀಲಂಟಿನ ಮಾತು ಬಂದಿತ್ತು. 2018ರಲ್ಲಿ ವಾಲ್ವ್ ಸ್ಪ್ರಿಂಗ್ ಬದಲಿಸಲು ಕಾರುಗಳನ್ನು ಹಿಂದಕ್ಕೆ ಕರೆದರು. ಎಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಅಂಟು ಬಳಿಯಬೇಕಾದ ಕೆಲಸ ಅದು. ರಿಪೇರಿಯಾದ ಕೆಲವು ಎಂಜಿನ್ನುಗಳು ಆಮೇಲೆ ಕೆಟ್ಟವು, ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

2022ರಲ್ಲಿ ಜಿಆರ್86 ಮಾಲೀಕರೊಬ್ಬರ ಎಂಜಿನ್ ಕೆಟ್ಟಾಗ ಮೊದಲು ವಾರಂಟಿಯನ್ನು ನಿರಾಕರಿಸಲಾಯಿತು. ಕಾರನ್ನು ಜಾರಿಸಿ ಓಡಿಸುತ್ತಿದ್ದ ಚಿತ್ರಗಳನ್ನು ಕಾರಣವಾಗಿ ಮುಂದಿಟ್ಟರು. ಸುದ್ದಿಯಾಗಿ ಗದ್ದಲವೆದ್ದ ಮೇಲೆ ಕಂಪನಿ ರಿಪೇರಿಗೆ ಒಪ್ಪಿತು. ಈ ಪ್ರಸಂಗ ಇಂದಿಗೂ ನನ್ನ ಮನಸ್ಸನ್ನು ಕುಟುಕುತ್ತದೆ. ಇದೇ ಕಾರನ್ನು ಕೊಂಡವರಿಗೆ ಅಮೆರಿಕದಲ್ಲಿ ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್‌ನ ಒಂದು ವರ್ಷದ ಸದಸ್ಯತ್ವವನ್ನು ಕಂಪನಿಯೇ ಉಚಿತವಾಗಿ ಕೊಡುತ್ತದೆ, ಟ್ರ್ಯಾಕ್‌ನಲ್ಲಿ ಓಡಿಸುವ ತರಬೇತಿಯ ಒಂದು ದಿನವೂ ಅದರಲ್ಲಿ ಸೇರಿದೆ. ಬಾಗಿಲಲ್ಲಿ ನಿಂತು ಊಟಕ್ಕೆ ಕರೆದವರು ಎಲೆಯ ಮುಂದೆ ಕುಳಿತವನನ್ನು ಎಬ್ಬಿಸುವುದು ತಪ್ಪು.

ವಾರಂಟಿ ಪುಸ್ತಕದ ಮಾತನ್ನು ಸರಿಯಾಗಿ ಓದಿಕೊಳ್ಳಬೇಕು. ಅಮೆರಿಕದಲ್ಲಿ ಟೊಯೊಟಾ ಎಂಜಿನ್ನಿಗೆ 5 ವರ್ಷ ಅಥವಾ 60,000 ಮೈಲಿಯ ಭರವಸೆ ಇದೆ. ರೇಸಿಂಗ್‌ನಂಥ ದುರ್ಬಳಕೆಯಿಂದ ಆದ ಹಾನಿ ಅದರ ಹೊರಗೆ. ಗಡಿಯಾರ ಹಿಡಿದು ಸ್ಪರ್ಧಿಸುವುದು ರೇಸಿಂಗ್. ತರಬೇತುದಾರನ ಪಕ್ಕ ಕುಳಿತು, ಸಮಯ ಅಳೆಯದೆ, ಒಪ್ಪಿಗೆಯಿದ್ದಲ್ಲಿ ಮಾತ್ರ ಮುಂದಿನ ಕಾರನ್ನು ದಾಟುವುದು ರೇಸಿಂಗ್ ಹೌದೋ ಅಲ್ಲವೋ ಎಂಬುದನ್ನು ಹೆಚ್ಚಿನ ಪುಸ್ತಕಗಳು ಹೇಳುವುದಿಲ್ಲ. ಈ ಮೌನದಲ್ಲೇ ಜಗಳ ಹುಟ್ಟುತ್ತದೆ. ಆಸ್ಟ್ರೇಲಿಯಾದಲ್ಲಿ ಹ್ಯುಂಡೈ ತನ್ನ ಐ30 ಎನ್ ಕಾರಿಗೆ, ಸ್ಪರ್ಧೆಯಲ್ಲದ ಟ್ರ್ಯಾಕ್ ಓಟಕ್ಕೂ ವಾರಂಟಿ ಅನ್ವಯಿಸುತ್ತದೆ ಎಂದು ಬಿಡಿಸಿ ಹೇಳಿತು. ಎಲ್ಲ ಕಂಪನಿಗಳಿಂದಲೂ ನಾನು ಬಯಸುವುದು ಅಂಥ ಒಂದು ಸಾಲು.

ಕಾನೂನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹರಡಿದೆ. ವಾರಂಟಿಗಳ ಕುರಿತ ಅಮೆರಿಕದ 1975ರ ಮ್ಯಾಗ್ನುಸನ್–ಮಾಸ್ ಕಾಯ್ದೆ ಇರುವಾಗ ಕಂಪನಿ ಏನನ್ನೂ ನಿರಾಕರಿಸುವಂತಿಲ್ಲ ಎಂದು ಹುಡುಗರು ನಂಬಿದ್ದಾರೆ. ಕಂಪನಿಯದೇ ಫಿಲ್ಟರ್ ಹಾಕಿಸಿದರೆ ಮಾತ್ರ ವಾರಂಟಿ ಎಂಬಂಥ ಷರತ್ತನ್ನು ಆ ಕಾಯ್ದೆ ತಡೆಯುತ್ತದೆ. ರೇಸಿಂಗ್ ಹಾನಿಯನ್ನು ಕಂಪನಿ ಹೊರಲೇಬೇಕು ಎಂದು ಅದು ಹೇಳುವುದಿಲ್ಲ.

ಕೊನೆಗೆ ತೀರ್ಮಾನ ನಿಲ್ಲುವುದು ಸಾಕ್ಷ್ಯದ ಮೇಲೆ. ಒಮ್ಮೆ ಒಬ್ಬರು ಎಂಜಿನ್ ತಾನಾಗಿಯೇ ಕೆಟ್ಟಿತೆಂದು ನನ್ನ ಮುಂದೆ ಆಣೆ ಮಾಡಿದರು. ನಾಲ್ಕನೆಯ ಗೇರಿನಿಂದ ಐದಕ್ಕೆ ಹೋಗುವ ಬದಲು ಮೂರಕ್ಕೆ ಎಳೆದದ್ದನ್ನು ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡಿತ್ತು. ವಾಲ್ವುಗಳು ಪಿಸ್ಟನ್ನಿಗೆ ಬಡಿದ ಗುರುತು ಅದಕ್ಕೆ ಸರಿಯಾಗಿ ಹೊಂದಿತು. ವೇಗದಲ್ಲಿ ಕೆಳಗಿನ ಗೇರ್ ಬಿದ್ದು ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುವಾಗ ಸುತ್ತಿನ ಮಿತಿ ಅದನ್ನು ಕಾಯಲಾರದು. ಆ ಎಂಜಿನ್ನಿನ ವಾರಂಟಿ ನಿರಾಕರಿಸಿದ್ದು ನ್ಯಾಯವೇ ಆಗಿತ್ತು.

ದಾವಣಗೆರೆ ಕಡೆಯ ಹುಡುಗನೊಬ್ಬನದು ಬೇರೆ ರೀತಿ. ಕಾರಿನ ಹೆಸರು ಇಲ್ಲಿ ಬೇಡ. ಮೊದಲ ಟ್ರ್ಯಾಕ್ ದಿನಕ್ಕಿಂತ ಮುಂಚೆಯೇ ಅವನು ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದ, ಆಮೇಲೆ ಎಣ್ಣೆ ಬದಲಿಸಿದಾಗಲೆಲ್ಲ ಕಳಿಸಿದ. ಬಿಲ್ಲು, ದಿನಾಂಕ, ಮೈಲಿ ಎಲ್ಲವೂ ಒಂದು ಕಡತದಲ್ಲಿ. ನಾಲ್ಕನೆಯ ವರದಿಯಲ್ಲಿ ತಾಮ್ರ ಏರಿತು, ಅಂದರೆ ಬೇರಿಂಗ್ ಚಿಪ್ಪು ಸವೆದು ಎಣ್ಣೆಗೆ ಸೇರುತ್ತಿರುವ ಸೂಚನೆ. ಸದ್ದು ಇನ್ನೂ ಹುಟ್ಟಿರಲಿಲ್ಲ. ತೊಟ್ಟಿ ಬಿಚ್ಚಿದರೆ ಜಾಲರಿಯ ಕಾಲು ಭಾಗಕ್ಕೆ ಸೀಲಂಟ್ ಹೊದ್ದಿತ್ತು, ಎರಡು ಚಿಪ್ಪುಗಳ ಹೊಳಪು ಹೋಗಿತ್ತು. ಕಡತವನ್ನು ನೋಡಿದ ಡೀಲರ್ ಎರಡನೆಯ ಮಾತಾಡದೆ ಕೆಲಸಕ್ಕೆ ಒಪ್ಪಿದರು.

ನನ್ನನ್ನು ಕೇಳುವವರಿಗೆ ಹೇಳುವುದಿಷ್ಟು. ಎಣ್ಣೆಯನ್ನು ಅಳತೆ ಕಡ್ಡಿಯ ಗುರುತಿನ ಮೇಲಂಚಿನಲ್ಲೇ ಇಡಿ, ಟ್ರ್ಯಾಕ್‌ನಿಂದ ಬಂದ ಮೇಲೆ ಬೇಗ ಬದಲಿಸಿ. ಹೆಚ್ಚು ವೇಗ, ಹೆಚ್ಚು ಭಾರವಿದ್ದಾಗ ದಪ್ಪ ಎಣ್ಣೆ ಸೂಕ್ತವಾಗಬಹುದು ಎಂಬ ಸಾಲು ಟೊಯೊಟಾದ ಅನೇಕ ಕೈಪಿಡಿಗಳಲ್ಲಿದೆ. ನಿಮ್ಮ ಕಾರಿನದರಲ್ಲಿ ಹುಡುಕಿ, ಸಿಕ್ಕರೆ ಗುರುತು ಹಾಕಿ. ತೊಟ್ಟಿಯೊಳಗೆ ತಡೆಹಲಗೆ ಕೂರಿಸಿದರೆ ಎಣ್ಣೆಯ ಓಟ ಸ್ವಲ್ಪ ತಗ್ಗುತ್ತದೆ, ಆದರೆ ಅದಕ್ಕಾಗಿ ತೊಟ್ಟಿ ಬಿಚ್ಚಿದವರು ಮತ್ತೆ ಅದೇ ಸೀಲಂಟನ್ನು ಬಳಿಯಬೇಕು, ಅಲ್ಲಿಂದಾಚೆಗೆ ಅಂಟು ಯಾರದೆಂಬ ವಾದ ಶುರುವಾಗುತ್ತದೆ. ವಾರಂಟಿ ಇರುವವರೆಗೆ ನಾನು ಅದಕ್ಕೆ ಕೈ ಹಾಕಲಾರೆ. ಅಂಟು ಟೈರನ್ನೂ ಅಷ್ಟು ದಿನ ಮುಂದೂಡಿ.

ಭಾರತದಲ್ಲಿ ಜಿಆರ್86 ಮಾರಾಟಕ್ಕಿಲ್ಲ. ಆದರೂ ಬೆಂಗಳೂರಿನಿಂದ ಚೆನ್ನೈ, ಕೊಯಮತ್ತೂರುಗಳ ಟ್ರ್ಯಾಕ್‌ಗೆ ತಮ್ಮ ದಿನಬಳಕೆಯ ಕಾರನ್ನೇ ಒಯ್ಯುವ ಗೆಳೆಯರು ನನಗಿದ್ದಾರೆ. ಅವರಿಗೆ ಎಂಜಿನ್ನಿಗಿಂತ ಮೊದಲು ವಿಮೆಯ ಕಾಗದ ತೋರಿಸಿ ಎನ್ನುತ್ತೇನೆ. ಅಲ್ಲಿನ ಸಾಮಾನ್ಯ ಮೋಟಾರು ಪಾಲಿಸಿ ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆಗಳನ್ನು ಹೊರಗಿಟ್ಟಿದೆ. ಗೋಡೆಗೆ ತಾಗಿದ ಬಂಪರಿನ ಖರ್ಚು ಪೂರ್ತಿ ಜೇಬಿನಿಂದಲೇ ಹೋಗಬಹುದು.

ಹೊಸ ಚಿಪ್ಪು ಹಾಕಿಸಿಕೊಂಡ ದಾವಣಗೆರೆಯ ಹುಡುಗ ಮತ್ತೆ ಎರಡು ಸಲ ಟ್ರ್ಯಾಕ್‌ಗೆ ಹೋಗಿಬಂದಿದ್ದಾನೆ. ಕಳೆದ ವಾರ ಅವನ ಎಣ್ಣೆಯ ವರದಿ ಬಂತು. ತಾಮ್ರದ ಅಂಕಿ ಮೊದಲ ವರದಿಯ ಮಟ್ಟಕ್ಕೆ ಇಳಿದಿದೆ.