ಎಂಬಿಪಿಎಸ್, ಎಂಬಿ, ಎಂಐಬಿ: ಡೇಟಾ ವೇಗದ ಲೆಕ್ಕ

ಇಂಟರ್ನೆಟ್ ಕನೆಕ್ಷನ್ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಫೈಲ್ ಇಳಿಸಿಕೊಳ್ಳುವಾಗ ಪರದೆಯ ಮೇಲೆ ಕಾಣುವುದು ಸೆಕೆಂಡಿಗೆ 11 ಎಂಬಿ (ಮೆಗಾಬೈಟ್) ಚಿಲ್ಲರೆ. ಎಲ್ಲೋ ವೇಗ ಸೋರಿಹೋಗುತ್ತಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿದರೆ ಎರಡೂ ಸರಿಯಾಗಿಯೇ ಇವೆ. ಹೇಗೆ ಅಂತ ನೋಡೋಣ.

ಲೈನಿನ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನಲ್ಲಿ ಬರೆಯುವಾಗ ಸಣ್ಣ 'ಬಿ' ಅಂದರೆ ಬಿಟ್, ದೊಡ್ಡ 'ಬಿ' ಅಂದರೆ ಬೈಟ್. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಈ ಒಂದು ಅಕ್ಷರದಲ್ಲೇ. ಹಾಗಾಗಿ ಲೆಕ್ಕ ಶುರು ಮಾಡುವ ಮೊದಲು ಅದನ್ನು ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಗುರುತು ಮಾಡಿಕೊಳ್ಳಿ. ಬಿಟ್‌ನಿಂದ ಬೈಟ್‌ಗೆ ಹೋಗಬೇಕಾದರೆ 8ರಿಂದ ಭಾಗಿಸಿ, ವಾಪಸ್ ಬರಬೇಕಾದರೆ 8ರಿಂದ ಗುಣಿಸಿ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ.

ಎರಡನೆಯ ತೊಡಕು ಕಿಲೋ, ಮೆಗಾ, ಗಿಗಾಗಳದ್ದು. ನೆಟ್‌ವರ್ಕ್ ವೇಗದಲ್ಲಿ ಇವು ಯಾವಾಗಲೂ 1000ದ ಲೆಕ್ಕ. 1 ಜಿಬಿಪಿಎಸ್ ಅಂದರೆ 1000 ಎಂಬಿಪಿಎಸ್. ಇಲ್ಲಿ 1024 ಬರುವುದೇ ಇಲ್ಲ. 1024 ಬರುವುದು ಮೆಮೊರಿಯಲ್ಲಿ, ಮತ್ತೆ ಕೆಲವು ಕಡೆ ಫೈಲಿನ ಗಾತ್ರದಲ್ಲಿ. ಈ ಗೊಂದಲ ಬಿಡಿಸಲೆಂದೇ 1998ರಲ್ಲಿ ಐಇಸಿ ಎಂಬ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಅಂತ ಬೇರೆ ಹೆಸರು ಕೊಟ್ಟಿತು. ಒಂದು ಮೆಬಿಬೈಟ್, ಅಂದರೆ ಎಂಐಬಿ, 10,48,576 ಬೈಟ್. ಆದರೂ ವಿಂಡೋಸ್ ಇಂದಿಗೂ 1024ರಿಂದ ಭಾಗಿಸಿ, ಪಕ್ಕದಲ್ಲಿ ಎಂಬಿ, ಜಿಬಿ ಅಂತಲೇ ಬರೆಯುತ್ತದೆ. ಕಿಲೋ ಮಟ್ಟದಲ್ಲಿ ಈ ವ್ಯತ್ಯಾಸ ಶೇ. 2.4 ಅಷ್ಟೆ. ಗಿಗಾಗೆ ಬರುವಷ್ಟರಲ್ಲಿ ಶೇ. 7.4 ಆಗುತ್ತದೆ, ಟೆರಾದಲ್ಲಿ ಹತ್ತಿರಹತ್ತಿರ ಶೇ. 10. ಸುಮ್ನೆ ಬಿಟ್ಟುಬಿಡುವಂಥದ್ದಲ್ಲ.

ಒಂದು ಲೆಕ್ಕ ಪೂರ್ತಿ ಮಾಡೋಣ. ಒಂದು ಡಿವಿಡಿ ತುಂಬುವಷ್ಟು, ಅಂದರೆ 4.7 ಜಿಬಿ ಫೈಲ್ ಇದೆ. ಲೈನ್ 50 ಎಂಬಿಪಿಎಸ್. ಎಷ್ಟು ಹೊತ್ತು ಬೇಕು? ನನ್ನ ಸಲಹೆ: ಎರಡನ್ನೂ ಮೊದಲು ಬಿಟ್‌ಗೆ ಇಳಿಸಿ. 4.7 ಜಿಬಿ ಅಂದರೆ 4700 ಎಂಬಿ. ಅದನ್ನು 8ರಿಂದ ಗುಣಿಸಿದರೆ 37,600 ಮೆಗಾಬಿಟ್. 50ರಿಂದ ಭಾಗಿಸಿದರೆ 752 ಸೆಕೆಂಡ್, ಅಂದರೆ 12 ನಿಮಿಷ 32 ಸೆಕೆಂಡ್.

ಈಗ ಇದೇ ಫೈಲನ್ನು ವಿಂಡೋಸ್‌ನಲ್ಲಿ ನೋಡಿದರೆ 4.37 ಜಿಬಿ ಅಂತ ತೋರಿಸುತ್ತದೆ. ಅದನ್ನೇ ನಂಬಿ 1000ದ ಲೆಕ್ಕದಲ್ಲಿ ಹೋದರೆ ಉತ್ತರ 699 ಸೆಕೆಂಡ್. ಸುಮಾರು 53 ಸೆಕೆಂಡ್ ಕಮ್ಮಿ. ಫೈಲಿನ ಪ್ರಾಪರ್ಟೀಸ್ ತೆರೆದರೆ ಬೈಟ್‌ಗಳ ಪೂರ್ತಿ ಸಂಖ್ಯೆ ಸಿಗುತ್ತದೆ. ಅದನ್ನು ತೆಗೆದುಕೊಂಡರೆ ತಕರಾರೇ ಇಲ್ಲ.

ಇನ್ನು ಮೊದಲಿನ 11 ಚಿಲ್ಲರೆಗೆ ಬರೋಣ. ಡೇಟಾ ಒಂಟಿಯಾಗಿ ಹೋಗುವುದಿಲ್ಲ, ಜೊತೆಗೆ ವಿಳಾಸ, ತಪ್ಪು ಹಿಡಿಯುವ ಬೈಟ್‌ಗಳು ಎಲ್ಲಾ ಹೋಗಬೇಕು. ಈಥರ್ನೆಟ್ ತಂತಿಯ ಮೇಲೆ ಒಂದು ಪೂರ್ಣ ಗಾತ್ರದ ಫ್ರೇಮ್ (ಒಮ್ಮೆಗೆ ಕಳಿಸುವ ಡೇಟಾದ ಕಂತೆ), ಎರಡು ಫ್ರೇಮ್‌ಗಳ ನಡುವೆ ಬಿಡುವ ಜಾಗವೂ ಸೇರಿ, 1538 ಬೈಟ್‌ನಷ್ಟು ಸಮಯ ಹಿಡಿಯುತ್ತದೆ. ಅದರಲ್ಲಿ ಟಿಸಿಪಿ (ಡೇಟಾ ಸರಿಯಾಗಿ ತಲುಪುವಂತೆ ನೋಡಿಕೊಳ್ಳುವ ನಿಯಮಾವಳಿ) ಮೂಲಕ ನಮ್ಮ ಫೈಲಿಗೆ ಸಿಗುವುದು ಹೆಚ್ಚೆಂದರೆ 1460 ಬೈಟ್, ಅಂದರೆ ಶೇ. 95ರ ಆಸುಪಾಸು. 12.5 ಎಂಬಿ ಅಲ್ಲಿಗೆ 11.87 ಆಯಿತು. ತೋರಿಸುವ ತಂತ್ರಾಂಶ 1024ರ ಲೆಕ್ಕದ್ದಾದರೆ ಅದೇ ವೇಗ 11.3 ಅಂತ ಕಾಣುತ್ತದೆ. ವೇಗ ಎಲ್ಲೂ ಸೋರಿಲ್ಲ.

8ರಿಂದ ಭಾಗಿಸುವ ಸೂತ್ರ ನೇರವಾಗಿ ನಡೆಯದ ಜಾಗವೂ ಇದೆ. ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾದ ವೇಗ 6 ಜಿಬಿಪಿಎಸ್. 8ರಿಂದ ಭಾಗಿಸಿದರೆ 750 ಎಂಬಿ ಬರಬೇಕು, ಆದರೆ ಮಿತಿ 600. ಅಲ್ಲಿ ಪ್ರತಿ 8 ಬಿಟ್ಟನ್ನು 10 ಬಿಟ್ ಮಾಡಿ ಕಳಿಸುತ್ತಾರೆ. ಹಾಗಾಗಿ 10ರಿಂದ ಭಾಗಿಸಬೇಕು. 5 ಜಿಬಿಪಿಎಸ್‌ನ ಯುಎಸ್‌ಬಿ 3.0 ಕೂಡ ಹೀಗೇ, 500 ಎಂಬಿ.