ಸೋದರತ್ತೆಯ ಕ್ಯಾನ್ಸರ್ ನನಗೂ ಬರುತ್ತದೆಯೇ?

ಪ್ರಶ್ನೆ: ನನ್ನ ಸೋದರತ್ತೆ 38ನೇ ವಯಸ್ಸಿಗೆ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಅಪ್ಪನ ತಾಯಿಯೂ ‘ಹೊಟ್ಟೆಯಲ್ಲಿ ಗಡ್ಡೆ’ಯಾಗಿ ಹೋದರಂತೆ. ಅಮ್ಮನ ಕಡೆ ಯಾರಿಗೂ ಇಲ್ಲ. ಅಪ್ಪನ ಕಡೆಯ ಕಾಯಿಲೆ ಹೆಣ್ಣುಮಕ್ಕಳಿಗೆ ದಾಟುವುದಿಲ್ಲ ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ಮಂಡ್ಯ

ನಿಜವಲ್ಲ. ಮಂಡ್ಯ, ಮದ್ದೂರು, ಮೈಸೂರಿನ ಕಡೆ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ದಾರಿ ಮಾಡಿಕೊಡುವ ಬಿಆರ್‌ಸಿಎ1 ಜೀನ್ 17ನೇ ವರ್ಣತಂತುವಿನಲ್ಲಿದೆ (ಜೀನ್‌ಗಳನ್ನು ಹೊತ್ತ ಎಳೆ, ಕ್ರೋಮೋಸೋಮ್), ಬಿಆರ್‌ಸಿಎ2 13ನೆಯದರಲ್ಲಿ. ಎರಡೂ ಗಂಡಸರಲ್ಲಿಯೂ ಇವೆ, ಹೆಂಗಸರಲ್ಲಿಯೂ ಇವೆ. ಅವುಗಳಲ್ಲಿ ಒಂದರಲ್ಲಿ ದೋಷವಿದ್ದರೆ ಅಪ್ಪನಿಂದಾಗಲಿ ಅಮ್ಮನಿಂದಾಗಲಿ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ತಂದೆ ಒಂದು ದಿನವೂ ಹಾಸಿಗೆ ಹಿಡಿಯದೆ ಗದ್ದೆ ನೋಡಿಕೊಂಡಿದ್ದರೂ, ಅವರ ತಾಯಿಯಿಂದ ಬಂದದ್ದನ್ನು ನಿಮಗೆ ಕೊಟ್ಟಿರಬಹುದು.

ಇದು ಗೊತ್ತಾದ ಬಗೆಯೇ ಒಂದು ಕಥೆ. ಅಮೆರಿಕದ ಮೇರಿ-ಕ್ಲೇರ್ ಕಿಂಗ್ ಓದಿದ್ದು ಗಣಿತ. ಆಮೇಲೆ ತಳಿವಿಜ್ಞಾನಕ್ಕೆ ಬಂದರು. 1974ರ ಹೊತ್ತಿಗೆ ಅವರು ಸ್ತನ ಕ್ಯಾನ್ಸರಿನ ಹಿಂದೆ ಬಿದ್ದಾಗ, ಇಂಥ ಸಾಮಾನ್ಯ ಕಾಯಿಲೆಗೆ ಒಂದೇ ಜೀನ್ ಕಾರಣವಾಗಬಹುದೆಂದು ಹೆಚ್ಚಿನವರು ನಂಬಿರಲಿಲ್ಲ. ಅವರ ಕೈಯಲ್ಲಿದ್ದದ್ದು ಕುಟುಂಬಗಳ ವಂಶವೃಕ್ಷ ಮತ್ತು ರಕ್ತದ ಮಾದರಿ: 23 ಕುಟುಂಬಗಳು, 146 ರೋಗಿಗಳು. ಎಲ್ಲರನ್ನೂ ಒಟ್ಟಿಗೆ ಹಾಕಿ ಲೆಕ್ಕ ಮಾಡಿದರೆ ಏನೂ ಸ್ಪಷ್ಟವಾಗಲಿಲ್ಲ. ಕಾಯಿಲೆ ಕಾಣಿಸಿಕೊಂಡ ವಯಸ್ಸಿನ ಪ್ರಕಾರ ಕುಟುಂಬಗಳನ್ನು ಸಾಲಾಗಿ ಜೋಡಿಸಿದಾಗ, ಎಳೆಯ ವಯಸ್ಸಿನಲ್ಲೇ ರೋಗ ಬಂದ ಮನೆಗಳೆಲ್ಲ 17ನೇ ವರ್ಣತಂತುವಿನ ಒಂದೇ ಜಾಗಕ್ಕೆ ಬೆರಳು ತೋರಿಸಿದವು. ಅದು 1990. ಜೀನನ್ನೇ ಕೈಗೆ ಹಿಡಿದದ್ದು 1994ರಲ್ಲಿ, ಯೂಟಾದ ಬೇರೊಂದು ತಂಡ. ಹದಿನಾರು ವರ್ಷ ಹಾದಿ ಸವೆಸಿದವರಿಗೆ ಕೊನೆಯ ಹೆಜ್ಜೆ ತಪ್ಪಿತು. ನನಗೆ ಮಾತ್ರ ಆ ವಯಸ್ಸಿನ ಸಾಲೇ ದೊಡ್ಡ ಬುದ್ಧಿವಂತಿಕೆ ಎನಿಸುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದೂ ‘38’ ಎಂಬ ಅಂಕಿಯ ಮೇಲೆಯೇ. 70ರ ಅಜ್ಜಿಗೆ ಬಂದ ಸ್ತನ ಕ್ಯಾನ್ಸರ್ ಹೆಚ್ಚಾಗಿ ವಂಶದ್ದಲ್ಲ. ಸ್ತನ ಕ್ಯಾನ್ಸರ್‌ಗಳಲ್ಲಿ ಹೀಗೆ ಒಂದು ಜೀನಿನಿಂದ ಬರುವವು 100ಕ್ಕೆ 5ರಿಂದ 10 ಅಷ್ಟೆ. ಆದರೆ 38ನೇ ವಯಸ್ಸು, ಅದರ ಜೊತೆಗೆ ಅದೇ ಮನೆಯ ಇನ್ನೊಬ್ಬ ಹೆಂಗಸಿನ ಹೊಟ್ಟೆಯ ಗಡ್ಡೆ! ಅದು ಅಂಡಾಶಯದ್ದೇ ಆಗಿರಬಹುದು.

ನಿಮ್ಮ ಮನೆಯ ವಂಶವೃಕ್ಷವನ್ನು ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ನೀವೇ ಬರೆದು ನೋಡಿ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕ್ಯಾನ್ಸರ್ ಬಂದವರನ್ನು ಕಪ್ಪಾಗಿಸಿ, ತೀರಿಕೊಂಡವರ ಮೇಲೆ ಓರೆ ಗೆರೆ, ಪಕ್ಕದಲ್ಲಿ ವಯಸ್ಸು. ಸೋದರತ್ತೆ, ಸೋದರಮಾವ ಎಂದೊಡನೆ ಯಾವ ಕಡೆಯವರೆಂದು ನಮ್ಮ ಭಾಷೆಯೇ ಹೇಳಿಬಿಡುತ್ತದೆ. ‘ಆಂಟಿ’ ಎಂದರೆ ಏನೂ ತಿಳಿಯುವುದಿಲ್ಲ. ಬರಿಯ ‘ಅತ್ತೆ’ ಎಂದು ಮಾತ್ರ ಬರೆಯಬೇಡಿ. ಅದು ಗಂಡನ ತಾಯಿಯೂ ಆಗಬಹುದು, ಮಾವನ ಹೆಂಡತಿಯೂ ಆಗಬಹುದು. ಲೆಕ್ಕಕ್ಕೆ ಬೇಕಾದದ್ದು ರಕ್ತಸಂಬಂಧ. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ ಗೆರೆಗಳು ಸಿಕ್ಕುಬೀಳುತ್ತವೆ, ಅಂಥ ಗಂಡಹೆಂಡಿರ ನಡುವೆ ಎರಡು ಗೆರೆ ಎಳೆಯಿರಿ. ಹೆಣ್ಣು ಕೊಡುವವರು ಹಿಂಜರಿದಾರೆಂದು ಹಿರಿಯರು ‘ಜ್ವರ ಬಂದು ಹೋದಳು’ ಎಂದು ಮುಚ್ಚಿಟ್ಟಿರುವುದೂ ಉಂಟು. ಮನೆಯ ಹಿರಿಯಜ್ಜಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಮೆಲ್ಲಗೆ ಕೇಳಿ.

ದೋಷವಿದ್ದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ದೋಷವಿರುವ ಹೆಂಗಸರಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ 100ಕ್ಕೆ ಸುಮಾರು 70. ಅಂಡಾಶಯದ್ದು ಬಿಆರ್‌ಸಿಎ1ರಲ್ಲಿ 44, ಬಿಆರ್‌ಸಿಎ2ರಲ್ಲಿ 17. ದೊಡ್ಡ ಅಂಕಿಗಳೇ. ಆದರೆ ಮೊದಲೇ ತಿಳಿದವರಿಗೆ 25ರಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವುದು, ಹೀಗೆ ಮಾಡಲು ಕೆಲಸವಿದೆ.

ಕ್ಯಾನ್ಸರ್ ಬಂದವರು ಯಾರಾದರೂ ಬದುಕಿದ್ದರೆ ಪರೀಕ್ಷೆ ಅವರಿಂದ ಶುರುವಾಗಬೇಕು. ನಿಮ್ಮ ಮನೆಯಲ್ಲಿ ಅಂಥವರು ಉಳಿದಿಲ್ಲವಾದರೆ ಮೊದಲು ರಕ್ತ ಕೊಡಬೇಕಾದವರು ನೀವಲ್ಲ, ನಿಮ್ಮ ತಂದೆ. ‘ಗಂಡಸಿಗೇಕೆ ಹೆಂಗಸರ ಕಾಯಿಲೆಯ ಪರೀಕ್ಷೆ’ ಎಂದು ಅವರು ರೇಗಬಹುದು. ಬಿಆರ್‌ಸಿಎ2 ಕೆಟ್ಟಿದ್ದರೆ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವೂ ಹೆಚ್ಚು ಎಂದು ಹೇಳಿ. ಅವರಲ್ಲಿ ದೋಷವಿಲ್ಲದಿದ್ದರೆ ಅವರಿಂದ ಅದು ನಿಮಗೆ ಬಂದಿರಲಾರದು. ಮೈಸೂರಿಗೋ ಬೆಂಗಳೂರಿಗೋ ಕ್ಯಾನ್ಸರ್ ತಜ್ಞರ ಬಳಿ ಹೊರಡುವಾಗ ಆ ಲಗ್ನಪತ್ರಿಕೆ ಜೊತೆಗಿರಲಿ. ಸೋದರತ್ತೆಯ ಬಯಾಪ್ಸಿ ವರದಿ ಯಾರ ಮನೆಯ ಟ್ರಂಕಿನಲ್ಲಾದರೂ ಉಳಿದಿದ್ದರೆ ಅದನ್ನೂ ಒಯ್ಯಿರಿ.